ಮಾರ್ಮೊಲಾಡದ ಕಬ್ಬಿಣದ ದಾರಿ: 447 ಮೀಟರಿನ ಲೆಕ್ಕ

ಇಟಲಿಯ ಡೋಲೊಮೈಟ್ಸ್ ಶ್ರೇಣಿಯಲ್ಲಿ ಮಾರ್ಮೊಲಾಡಕ್ಕಿಂತ ಎತ್ತರದ ಬೆಟ್ಟವಿಲ್ಲ. ಅದರ ನೆತ್ತಿ ಪುಂಟಾ ಪೆನಿಯಾ, 3,343 ಮೀಟರ್. 1864ರಲ್ಲಿ ಪಾಲ್ ಗ್ರೋಮನ್ ಸ್ಥಳೀಯ ಮಾರ್ಗದರ್ಶಕರ ಜೊತೆ ಅದನ್ನು ಮೊದಲು ಏರಿದ. 1903ರಲ್ಲಿ ಪಶ್ಚಿಮ ಬದಿಯ ಬಂಡೆಯಂಚಿಗೆ ಕಬ್ಬಿಣದ ಗೂಟ, ಮೆಟ್ಟಿಲು ಹೊಡೆದು ದಾರಿ ಮಾಡಿದರು. ಬಂಡೆಗೆ ಉಕ್ಕಿನ ಹಗ್ಗ ಬಿಗಿದ ಇಂಥ ವಿಯಾ ಫೆರಾಟಾಗಳು ಈಗ ಆಲ್ಪ್ಸ್ ತುಂಬ ಇವೆ. ಡೋಲೊಮೈಟ್ಸ್‌ನ ಅತಿ ಹಳೆಯವುಗಳ ಸಾಲಿನಲ್ಲಿ ಇದೂ ಒಂದು.

ಮೊದಲು ಎತ್ತರದ ಲೆಕ್ಕ. ಆಲ್ಬಾ ಡಿ ಕನಾಝೈ ಹಳ್ಳಿ ಇರುವುದು 1,517 ಮೀಟರಿನಲ್ಲಿ, ರಾತ್ರಿ ತಂಗುವ ಕಾಂಟ್ರಿನ್ ಗುಡಿಸಲು 2,016ರಲ್ಲಿ. ಬೆಳಗಿನ ಜಾವ ಹೊರಟು 880 ಮೀಟರ್ ಏರಿದರೆ ಫೋರ್ಚೆಲ್ಲಾ ಮಾರ್ಮೊಲಾಡ ಎಂಬ ಕಣಿವೆಬಾಯಿ, 2,896. ಕಬ್ಬಿಣ ಶುರುವಾಗುವುದು ಅಲ್ಲಿಂದ, ಉಳಿದ ಏರಿಕೆ 447 ಮೀಟರ್. ಒಟ್ಟು 1,826 ಮೀಟರಿನಲ್ಲಿ ಹಗ್ಗದ ಆಸರೆ ಕಾಲು ಭಾಗಕ್ಕೂ ಸಾಲದು. ಅಷ್ಟಕ್ಕೇ ಎರಡು, ಮೂರು ಗಂಟೆ ಹಿಡಿಯುತ್ತದೆ. ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟಕ್ಕೆ ಇಳಿದಿರುತ್ತದೆ. ಹಳ್ಳಿಗಿಂತ ಹನ್ನೆರಡು ಡಿಗ್ರಿ ಹೆಚ್ಚು ಚಳಿ, ಹಾಗಾಗಿ ಬೇಸಿಗೆಯಲ್ಲೂ ಮೆಟ್ಟಿಲುಗಳ ಮೇಲೆ ಮಂಜುಗಡ್ಡೆ ಕಟ್ಟುವುದುಂಟು.

ಹಗ್ಗವಿದೆಯಲ್ಲ, ಬಿದ್ದರೇನು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಅಂಕಿಗಳಲ್ಲೇ ಉತ್ತರ ಕೊಡಬೇಕು. ಎರಡು ಗೂಟಗಳ ನಡುವೆ ಐದು ಮೀಟರ್ ಹಗ್ಗ ಇದೆಯೆಂದಿಟ್ಟುಕೊಳ್ಳಿ. ಮೇಲಿನ ಗೂಟದ ಹತ್ತಿರ ಕೈ ಜಾರಿದರೆ ಹಗ್ಗಕ್ಕೆ ಸಿಕ್ಕಿಸಿದ ಕೊಕ್ಕೆ, ಅಂದರೆ ಕ್ಯಾರಾಬೈನರ್, ಹಗ್ಗದ ಗುಂಟ ಕೆಳಗಿನ ಗೂಟದವರೆಗೂ ಸರಿಯುತ್ತದೆ. ಅದರ ಮೇಲೆ ಕೊಕ್ಕೆಯನ್ನು ಸೊಂಟಕ್ಕೆ ಜೋಡಿಸುವ ಪಟ್ಟಿಯ ಒಂದು ಮೀಟರ್ ಉದ್ದವೂ ಸೇರಿ ಆರು ಮೀಟರ್ ಬೀಳುವುದಾಗುತ್ತದೆ. ಎಪ್ಪತ್ತು ಕಿಲೋ ತೂಕದವನ ವೇಗ ಆಗ ಗಂಟೆಗೆ 39 ಕಿಲೋಮೀಟರ್. ಮಾಮೂಲಿ ಬಂಡೆ ಹತ್ತುವಿಕೆಯಲ್ಲಿ ಬಿದ್ದ ದೂರವನ್ನು ಹಗ್ಗದ ಉದ್ದದಿಂದ ಭಾಗಿಸಿದರೆ ಉತ್ತರ ಎರಡನ್ನು ಮೀರುವುದಿಲ್ಲ. ಇಲ್ಲಿ ಅದು ಆರು. ಹಿಗ್ಗದ ಪಟ್ಟಿಯೊಂದು ಆ ದೇಹವನ್ನು ಹತ್ತು ಸೆಂಟಿಮೀಟರಿನಲ್ಲಿ ತಡೆದರೆ ಸರಾಸರಿ ಬಲ ಸುಮಾರು 42 ಕಿಲೋನ್ಯೂಟನ್, ಅಂದರೆ ನಾಲ್ಕು ಟನ್ನಿಗೂ ಮೀರಿದ ಭಾರ. ಫೆರಾಟಾ ಕ್ಯಾರಾಬೈನರ್ ತಡೆದುಕೊಳ್ಳಬೇಕೆಂದು ನಿಯಮ ಹೇಳುವುದೇ 25 ಕಿಲೋನ್ಯೂಟನ್. ಬೆನ್ನುಮೂಳೆಯ ಮಾತಂತೂ ಬೇಡ.

ಆದ್ದರಿಂದಲೇ ಫೆರಾಟಾ ಸೆಟ್ಟು ಎನ್ನುವ ಈ ಸಲಕರಣೆಯ ನಡುವೆ ಮಡಚಿ ಹೊಲಿದ ಪಟ್ಟಿಯೊಂದು ಇರುತ್ತದೆ. ಬಿದ್ದಾಗ ಅದರ ಹೊಲಿಗೆ ಹಂತಹಂತವಾಗಿ ಕಿತ್ತು ಬರುತ್ತ ಬಿದ್ದ ರಭಸದ ಶಕ್ತಿಯನ್ನು ನುಂಗುತ್ತದೆ. ಒಂದೂವರೆ ಮೀಟರ್ ಬಿಚ್ಚಿಕೊಂಡಿತೆಂದರೆ ಮೇಲಿನ 42 ಕಿಲೋನ್ಯೂಟನ್ 3.4ಕ್ಕೆ ಇಳಿಯುತ್ತದೆ. 2017ರ ಯುರೋಪಿಯನ್ ಮಾನದಂಡ ಇಎನ್ 958ರ ಪ್ರಕಾರ ಇದು 40ರಿಂದ 120 ಕಿಲೋವರೆಗಿನ ತೂಕಕ್ಕೆ ಕೆಲಸ ಮಾಡಬೇಕು. ಹಗುರ ದೇಹದ ಮೇಲೆ 3.5, ಭಾರದ ದೇಹದ ಮೇಲೆ 6 ಕಿಲೋನ್ಯೂಟನ್ ಮೀರಬಾರದು. ಮೊದಲು ಪರೀಕ್ಷೆ ನಡೆಯುತ್ತಿದ್ದುದು 80 ಕಿಲೋ ತೂಕ ಒಂದರಿಂದಲೇ. ಹಳೆಯ ಸೆಟ್ಟು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಹೊಸ ಸೆಟ್ಟೂ ಬೆನ್ನು ಮುರಿಯದಂತೆ ಕಾಪಾಡೀತು, ಕೆಳಗೆ ಚಾಚಿಕೊಂಡ ಮೆಟ್ಟಿಲಿಗೆ ಕಾಲು ಬಡಿಯುವುದನ್ನು ತಪ್ಪಿಸಲಾರದು. ಫೆರಾಟಾದಲ್ಲಿ ಬೀಳಲೇಬಾರದು.

ಹಣದ ಲೆಕ್ಕ ಸರಳ. ಸೆಟ್ಟು, ಹಾರ್ನೆಸ್, ಹೆಲ್ಮೆಟ್ ಕೊಳ್ಳಲು 200ರಿಂದ 300 ಯೂರೋ; ಬಾಡಿಗೆಗಾದರೆ ದಿನಕ್ಕೆ 20, 30. ಗುಡಿಸಲಲ್ಲಿ ಊಟ, ಹಾಸಿಗೆಗೆ 60ರಿಂದ 90. ದೊಡ್ಡ ಖರ್ಚೆಂದರೆ ಮಾರ್ಗದರ್ಶಕರದು, ದಿನಕ್ಕೆ ಸುಮಾರು 400 ಅಥವಾ ಹೆಚ್ಚು. ಜನ ಉಳಿಸಲು ನೋಡುವುದೂ ಇದನ್ನೇ. ಈ ಬೆಟ್ಟದಲ್ಲಿ ಅದು ತಪ್ಪು ಜಾಗದ ಉಳಿತಾಯ, ಏಕೆಂದರೆ ಇಳಿಯುವ ದಾರಿ ಹಿಮನದಿಯ ಮೇಲೆ, 2,054 ಮೀಟರಿನ ಫೆದಾಯಾ ಸರೋವರದತ್ತ. ಅಲ್ಲಿ ಬೂಟಿಗೆ ಕಟ್ಟುವ ಲೋಹದ ಮುಳ್ಳು, ಕೈಗೆ ಹಿಮಗೊಡಲಿ, ಒಬ್ಬರನ್ನೊಬ್ಬರು ಕಟ್ಟಿಕೊಳ್ಳುವ ಹಗ್ಗ ಬೇಕು. ಬಿರುಕು ಎಲ್ಲಿ ಅಡಗಿದೆ ಎಂದು ಬಲ್ಲವರೂ ಬೇಕು.

ಆ ಹಿಮನದಿಯೋ, 1888ರಲ್ಲಿ ಸುಮಾರು 500 ಹೆಕ್ಟೇರ್ ಇದ್ದದ್ದು 2023ಕ್ಕೆ 98 ಹೆಕ್ಟೇರಿಗೆ ಕುಗ್ಗಿದೆ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾದ ಸೈನಿಕರು ಅದರ ಒಡಲಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಸುರಂಗ ಕೊರೆದು ವಾಸಿಸಿದ್ದರು ಎಂದರೆ ಇಂದು ನಂಬುವುದೇ ಕಷ್ಟ. 2022ರ ಜುಲೈ 3ರಂದು ಅದರ ಒಂದು ತುಣುಕು ಕುಸಿದು ಹನ್ನೊಂದು ಮಂದಿ ಸತ್ತರು. ಹಿಂದಿನ ದಿನ ನೆತ್ತಿಯ ಬಳಿ ಉಷ್ಣಾಂಶ ಹತ್ತು ಡಿಗ್ರಿ ಮುಟ್ಟಿತ್ತು. ಸತ್ತವರು ಇದ್ದದ್ದು ಶಿಖರಕ್ಕೆ ಹೋಗುವ ಮಾಮೂಲಿ ದಾರಿಯಲ್ಲಿ.

ಇನ್ನು ರಕ್ಷಣೆಯ ಖರ್ಚು. ಆಲ್ಪ್ಸ್‌ನ ಫೆರಾಟಾಗಳಲ್ಲಿ ರಕ್ಷಣಾ ತಂಡ ಇಳಿಸಿ ತರುವವರಲ್ಲಿ ಪೆಟ್ಟೇ ಆಗದೆ, ದಣಿದೋ ಹೆದರಿಯೋ ಸಿಕ್ಕಿಕೊಂಡವರ ಪಾಲು ದೊಡ್ಡದು. 2025ರ ಜುಲೈನಲ್ಲಿ ಇದೇ ಡೋಲೊಮೈಟ್ಸ್‌ನ ಬೆರ್ತಿ ಫೆರಾಟಾದಲ್ಲಿ, ಕಲ್ಲು ಕುಸಿತದಿಂದ ಮುಚ್ಚಿದ್ದ ದಾರಿಯಲ್ಲಿ ಹೋದ ಬ್ರಿಟಿಷ್ ಪ್ರವಾಸಿಯೊಬ್ಬರನ್ನು ಎರಡು ಹೆಲಿಕಾಪ್ಟರ್ ಬಳಸಿ ಕಾಪಾಡಿದರು. ಬಿಲ್ಲು 14,225 ಯೂರೋ. ಅದರಲ್ಲಿ 93 ನಿಮಿಷದ ಹಾರಾಟಕ್ಕೇ 11,160, ಅಂದರೆ ನಿಮಿಷಕ್ಕೆ 120. ಯೂರೋಗೆ ನೂರು ರೂಪಾಯಿ ಹಿಡಿದರೂ ಒಟ್ಟು ಹದಿನಾಲ್ಕು ಲಕ್ಷ ದಾಟುತ್ತದೆ.

ಬೆಂಗಳೂರಿನಿಂದ ಹೋಗುವವರು ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಮಾಡಿಸಲೇಬೇಕು. ಆದರೆ ಪ್ರವಾಸ ಪಾಲಿಸಿಗಳು ಪರ್ವತಾರೋಹಣವನ್ನು ಹೊರಗಿಡುವುದು ಸಾಮಾನ್ಯ. ಆ ಷರತ್ತನ್ನು ಓದಿ, ಫೆರಾಟಾ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಸೇರಿವೆಯೇ ಎಂದು ಬರಹದಲ್ಲಿ ಖಚಿತ ಮಾಡಿಕೊಳ್ಳಿ.

ಇಷ್ಟೆಲ್ಲ ಅಂಕಿಗಳ ನಡುವೆ ನಾನು ಮುಖ್ಯವೆನ್ನುವುದು 2,896. ಮೋಡ ಕಟ್ಟಿದ್ದರೆ, ಮೊದಲ ಮೆಟ್ಟಿಲಿನ ಮೇಲೆ ಮಂಜುಗಡ್ಡೆ ಕಂಡರೆ, ಆ ಕಣಿವೆಬಾಯಿಯಿಂದ ಕಾಂಟ್ರಿನ್‌ಗೆ 880 ಮೀಟರ್ ನಡೆದು ಇಳಿಯಬಹುದು. ಮೇಲೆ ಹೋದಮೇಲೆ ಸಿಡಿಲು ಬಂದರೆ ಹಿಡಿದುಕೊಳ್ಳಲು ಇರುವುದು ಉಕ್ಕಿನ ಹಗ್ಗ, ಇಳಿಯಲು ಇರುವುದು ಹಿಮನದಿ.