ಅಜ್ಜ, ಮೊಮ್ಮಗು ಮತ್ತು ಮನೆಯ ನಾಯಿ

‘ಊಟ ಆಯಿತೇ? ಮಾತ್ರೆ ತೆಗೆದುಕೊಂಡಿರಾ? ಸುಮ್ಮನೆ ಮಲಗಿ.’ ಮನೆಯಲ್ಲಿರುವ ವಯಸ್ಸಾದವರೊಡನೆ ನಮ್ಮ ಮಾತುಕತೆ ಬಹುಮಟ್ಟಿಗೆ ಇಷ್ಟರಲ್ಲೇ ಮುಗಿದುಹೋಗುತ್ತದೆ. ಹೊತ್ತುಹೊತ್ತಿಗೆ ಊಟ, ಔಷಧಿ ಸಿಗುತ್ತಿದ್ದರೂ ಕೆಲವು ಹಿರಿಯರು ದಿನೇ ದಿನೇ ಸೊರಗುತ್ತಾರೆ. ಮಾತು ಕಡಿಮೆಯಾಗುತ್ತದೆ, ಹಸಿವು ಇಂಗುತ್ತದೆ. ಅವರಿಗೆ ಬೇಕಾಗಿರುವುದಾದರೂ ಏನು?

ಈ ಪ್ರಶ್ನೆಯನ್ನು 1991ರಲ್ಲಿ ಅಮೆರಿಕದ ಯುವ ವೈದ್ಯ ಡಾ. ಬಿಲ್ ಥಾಮಸ್ ಕೇಳಿಕೊಂಡರು. ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನ ಚೇಸ್ ಮೆಮೋರಿಯಲ್ ಶುಶ್ರೂಷಾಲಯಕ್ಕೆ ಅವರು ಆಗಷ್ಟೇ ವೈದ್ಯಾಧಿಕಾರಿಯಾಗಿ ಬಂದಿದ್ದರು. ಅಲ್ಲಿ ಸುಮಾರು 80 ಮಂದಿ ವೃದ್ಧರಿದ್ದರು. ಬಹಳಷ್ಟು ಮಂದಿಗೆ ಮರೆಗುಳಿ ರೋಗ. ಆರೈಕೆಗೆ ಕೊರತೆ ಇರಲಿಲ್ಲ. ಆದರೂ ಬೇಸರ, ಒಂಟಿತನ ಮತ್ತು ಅಸಹಾಯಕತೆ ಎಂಬ ಮೂರು ಪಿಡುಗುಗಳು ಅವರನ್ನು ತಿನ್ನುತ್ತಿವೆ ಎಂದು ಥಾಮಸ್ ಕಂಡುಕೊಂಡರು.

ಮದ್ದು ಬೇರೆಯೇ!

ಅವರು ಹೂಡಿದ ಚಿಕಿತ್ಸೆ ವಿಚಿತ್ರವಾಗಿತ್ತು. ಸರ್ಕಾರದಿಂದ ವಿಶೇಷ ಅನುಮತಿ ಪಡೆದು ಎರಡು ನಾಯಿ, ನಾಲ್ಕು ಬೆಕ್ಕು, ನೂರು ಪುಟ್ಟ ಗಿಳಿಗಳನ್ನು ತರಿಸಿದರು. ಕೋಣೆಗಳಲ್ಲಿ ಹಸಿರು ಗಿಡಗಳನ್ನಿಟ್ಟರು. ಸಿಬ್ಬಂದಿಯ ಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಬರುವಂತೆ ಏರ್ಪಾಡು ಮಾಡಿದರು. ಮೊದಮೊದಲು ಗದ್ದಲವೋ ಗದ್ದಲ. ಆದರೆ ಮಾತೇ ಆಡದಿದ್ದ ಕೆಲವರು ಮಾತನಾಡತೊಡಗಿದರು. ಹಾಸಿಗೆ ಬಿಟ್ಟೇಳದಿದ್ದವರು ದಾದಿಯರ ಬಳಿಗೆ ಬಂದು, ನಾಯಿಯನ್ನು ತಿರುಗಾಡಿಸಿಕೊಂಡು ಬರುವುದಾಗಿ ಹೇಳಿದರು!

ಎರಡು ವರ್ಷ ಸಂಶೋಧಕರು ಈ ಸಂಸ್ಥೆಯನ್ನು ಸಮೀಪದ ಇನ್ನೊಂದು ಶುಶ್ರೂಷಾಲಯದೊಂದಿಗೆ ಹೋಲಿಸಿದರು. ಇಲ್ಲಿ ಔಷಧಿಗಳ ಬಳಕೆ ಅರ್ಧಕ್ಕೆ ಇಳಿದಿತ್ತು. ಸಾವುಗಳು ಶೇ. 15ರಷ್ಟು ಕಡಿಮೆಯಾಗಿದ್ದವು. ಇದು ನಾಯಿಯಿಂದ ಆಯಿತೋ, ಮಕ್ಕಳಿಂದ ಆಯಿತೋ ಎಂದು ಬಿಡಿಸಿ ಹೇಳಲು ಆ ಅಧ್ಯಯನಕ್ಕೆ ಆಗಲಿಲ್ಲ. ಥಾಮಸ್ ಅವರ ವಿವರಣೆ ಸರಳ: ಮನುಷ್ಯನಿಗೆ ಬದುಕಲು ಒಂದು ಕಾರಣ ಬೇಕು. ಆರೈಕೆ ಪಡೆಯುವುದಷ್ಟೇ ಸಾಲದು, ತಾನೂ ಯಾರನ್ನಾದರೂ ಆರೈಕೆ ಮಾಡಬೇಕು.

ಹೃದಯಕ್ಕೂ ಹಿತವೇ?

ಹೃದ್ರೋಗಕ್ಕೆ ಆಸ್ಪತ್ರೆ ಸೇರಿದ್ದ 92 ರೋಗಿಗಳ ಬಗ್ಗೆ 1980ರಲ್ಲಿ ಅಮೆರಿಕದಲ್ಲಿ ಒಂದು ವರದಿ ಪ್ರಕಟವಾಯಿತು. ಸಾಕುಪ್ರಾಣಿ ಇದ್ದ 53 ಮಂದಿಯಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರು 3, ಇಲ್ಲದಿದ್ದ 39 ಮಂದಿಯಲ್ಲಿ 11. ಆನಂತರದ ಅಧ್ಯಯನಗಳೆಲ್ಲವೂ ಇದನ್ನು ಒಪ್ಪಿಲ್ಲ. ಹಾಗಾಗಿ ನಾಯಿ ಸಾಕಿದರೆ ಮಾತ್ರೆ ಬಿಡಬಹುದು ಎಂದು ಯಾರೂ ಭಾವಿಸಬಾರದು. ಆದರೆ ನಾಯಿಯಿದ್ದ ಮನೆಯಲ್ಲಿ ದಿನವೂ ನಡಿಗೆ ತಪ್ಪುವುದಿಲ್ಲ. ಬೀದಿಯಲ್ಲಿ ನಾಲ್ಕು ಜನರ ಮಾತೂ ಸಿಗುತ್ತದೆ.

ಮಕ್ಕಳಿಗೂ ಲಾಭವಿದೆ. ಮಾತಿಗೆ ಬಾರದ ಮಗು ನಾಯಿಯ ಎದುರು ಬಾಯಿಬಿಡುವುದನ್ನು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ತಮ್ಮ ನಾಯಿ ‘ಜಿಂಗಲ್ಸ್’ ಮೂಲಕ ಗಮನಿಸಿ, 1960ರ ದಶಕದಲ್ಲಿ ಅದರ ಬಗ್ಗೆ ಬರೆದರು. ಶಾಲೆ ಬಿಟ್ಟು ಬಂದ ಮೊಮ್ಮಗು, ಸಂಜೆ ಕಾಯುತ್ತಿರುವ ಅಜ್ಜ ಇಬ್ಬರೂ ಸೇರಿ ನಾಯಿಗೆ ಅನ್ನ ಹಾಕಿ, ತಿರುಗಾಡಿಸಿ ಬಂದರೆ ಮಾತು ತಾನಾಗಿಯೇ ಹುಟ್ಟುತ್ತದೆ.

ಎಚ್ಚರಿಕೆ ಇರಲಿ

* ನಾಯಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ. ಮುಂದಿನ ಲಸಿಕೆಗಳನ್ನು ಪಶುವೈದ್ಯರು ಹೇಳಿದಂತೆ ತಪ್ಪದೆ ಕೊಡಿಸಿ. ಜಂತುಹುಳುವಿನ ಔಷಧಿಯನ್ನೂ ಮರೆಯಬೇಡಿ.

* ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ, ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಸಾಕಿದ ನಾಯಿಯೇ ಆದರೂ ಅಂದೇ ವೈದ್ಯರನ್ನು ಕಾಣಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿ ಉಳಿಯುವುದು ಅತಿ ಅಪರೂಪ.

* ಮಕ್ಕಳು ಕೆಲವೊಮ್ಮೆ ಬೈಗುಳಕ್ಕೆ ಹೆದರಿ ಪರಚಿದ್ದನ್ನು ಮುಚ್ಚಿಡುತ್ತಾರೆ. ಹೇಳಿದರೆ ಬೈಯುವುದಿಲ್ಲ ಎಂಬ ಧೈರ್ಯ ಕೊಡಿ.

* ಚಿಕ್ಕ ಮಕ್ಕಳನ್ನು ನಾಯಿಯೊಂದಿಗೆ ಒಂಟಿಯಾಗಿ ಬಿಡಬೇಡಿ. ನಾಯಿ ತಿನ್ನುವಾಗ, ಮಲಗಿದ್ದಾಗ, ಮರಿಗಳಿಗೆ ಹಾಲೂಡಿಸುವಾಗ ಮುಟ್ಟಬಾರದೆಂದು ಕಲಿಸಿ.

* ಚೈನು ಜಗ್ಗಿ ಹಿರಿಯರು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ತುಂಟ ಮರಿಗಿಂತ ಶಾಂತ ಸ್ವಭಾವದ, ಬೆಳೆದ ನಾಯಿ ಅವರಿಗೆ ಒಳ್ಳೆಯದು.

* ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸ್ಟಿರಾಯ್ಡ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಆಸ್ತಮಾ ಇರುವವರು ವೈದ್ಯರನ್ನು ಕೇಳಿ ಮುಂದುವರಿಯಿರಿ.

ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಜೀವ. ಅಜ್ಜನಿಗೆ ಕೈಲಾಗದಾಗ ನೋಡಿಕೊಳ್ಳುವವರು ಯಾರೆಂದು ಮೊದಲೇ ತೀರ್ಮಾನಿಸಿ. ಸಾಕುವ ಅನುಕೂಲವಿಲ್ಲದಿದ್ದರೆ ಬೇಸರ ಬೇಡ. ಲಸಿಕೆ ಹಾಕಿಸಿದ ಪಕ್ಕದ ಮನೆಯ ನಾಯಿಯ ಸ್ನೇಹವೂ ಆಗಬಹುದು. ಹೂಗಿಡಗಳ ಹೊಣೆ, ಮೊಮ್ಮಗುವನ್ನು ಬಸ್ ನಿಲ್ದಾಣದಿಂದ ಕರೆತರುವ ಕೆಲಸವೂ ಆಗಬಹುದು. ಮನೆಯ ಹಿರಿಯರಿಗೆ ‘ಸುಮ್ಮನೆ ಮಲಗಿ’ ಎನ್ನುವ ಬದಲು, ಅವರಿಂದಾಗುವ ಒಂದು ಕೆಲಸವನ್ನು ಇಂದೇ ಅವರಿಗೆ ಒಪ್ಪಿಸಿ ನೋಡಿ.