ಹಾಫ್ ಕ್ಲಚ್ಚಿನ ಪಾಠ

ಭಾನುವಾರ ಬೆಳಿಗ್ಗೆ ಆರೂವರೆ. ಮೈಸೂರಿನ ಬಡಾವಣೆಯ ಮೈದಾನದಲ್ಲಿ ಕ್ರಿಕೆಟ್ ಹುಡುಗರು ಇನ್ನೂ ಸ್ಟಂಪು ನೆಟ್ಟಿಲ್ಲ. ಅವರು ಬರುವ ತನಕ ಜಾಗ ಬೈಕ್ ಕಲಿಯುವವರದು. ಕೆಂಪು ‘ಎಲ್’ ಅಂಟಿಸಿಕೊಂಡ ನೂರು ಸಿಸಿ ಬೈಕಿನ ಮೇಲೆ ಕಾಲೇಜು ಹುಡುಗಿ. ಪಕ್ಕದಲ್ಲಿ ಸ್ವೆಟರು ತೊಟ್ಟ ಅಪ್ಪ.

“ಕ್ಲಚ್ ಮೆಲ್ಲಗೆ ಬಿಡಮ್ಮ, ಮೆಲ್ಲಗೆ...” ಅನ್ನುವಷ್ಟರಲ್ಲಿ ಬೈಕ್ ಮುಗ್ಗರಿಸಿ ಆಫ್.

ಮೊದಲ ಪಾಠವೆಲ್ಲ ಎಡಗೈ ಬೆರಳುಗಳಲ್ಲಿ. ಲಿವರ್ ಪೂರ್ತಿ ಹಿಡಿದರೆ ಎಂಜಿನ್ನಿಗೂ ಚಕ್ರಕ್ಕೂ ಮಾತುಕತೆಯಿಲ್ಲ. ಒಮ್ಮೆಗೇ ಬಿಟ್ಟರೆ ಎರಡೂ ಜಗ್ಗಾಡಿ ಗಾಡಿ ನಿಲ್ಲುತ್ತದೆ. ನಡುವೆಲ್ಲೋ ಕ್ಲಚ್ ಪ್ಲೇಟುಗಳು ಉಜ್ಜುತ್ತಲೇ ಕಚ್ಚಿಕೊಳ್ಳತೊಡಗುತ್ತವೆ. ಎಂಜಿನ್ನಿನ ಸದ್ದು ತುಸು ತಗ್ಗಿ ಬೈಕ್ ಮುಂದಕ್ಕೆ ಮಿಸುಕುತ್ತದೆ. ಅದೇ ಹಾಫ್ ಕ್ಲಚ್. ಬೈಕಿನಿಂದ ಬೈಕಿಗೆ ಅದರ ಜಾಗ ಬೇರೆ. ಬೆರಳೇ ಹುಡುಕಿಕೊಳ್ಳಬೇಕು. ಹುಡುಗಿಯ ಬೆರಳಿಗೆ ಸಿಕ್ಕಿತು. ಬೈಕ್ ನಡಿಗೆಯ ವೇಗದಲ್ಲಿ ಹೊರಟಿತು, ಎರಡೂ ಕಾಲು ನೆಲ ಸವರುತ್ತಾ.

ಅಪ್ಪ ಕಲಿತದ್ದು ಊರಿನದೇ ಗಾಡಿಯಲ್ಲಿ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೆ ಯಾದವಗಿರಿಯಿಂದ ಜಾವಾ, ಯೆಜ್ಡಿಗಳು ಹೊರಬರುತ್ತಿದ್ದವು. “ನಮ್ಮ ಯೆಜ್ಡೀಲಿ ಕಿಕ್ಕರ್ ಮಡಚಿದ್ರೆ ಅದೇ ಗೇರು. ನಿಂದು ಬಟನ್ ಸ್ಟಾರ್ಟು, ಇನ್ನೇನು ಬೇಕು?” ಎಂದು ಹುರಿದುಂಬಿಸುತ್ತಾರೆ.

ಈಗ ಎಂಟು ಹಾಕುವ ಸರದಿ. ಎಲ್‌ಎಲ್‌ಆರ್ ಬಂದು 30 ದಿನ ಕಳೆದ ಮೇಲೆ ಆರ್‌ಟಿಒ ಪರೀಕ್ಷೆ. ಅಲ್ಲಿ ಕಾಲೂರದೆ ಎಂಟು ಸುತ್ತಬೇಕು. ಅಪ್ಪ ಇಟ್ಟಿಗೆ ಚೂರುಗಳನ್ನು ಇಟ್ಟು ದಾರಿ ಗುರುತಿಸಿದ್ದಾರೆ. ಹುಡುಗಿಯ ಕಣ್ಣು ಇಟ್ಟಿಗೆಯ ಮೇಲೆ. ಬೈಕೂ ನೆಟ್ಟಗೆ ಇಟ್ಟಿಗೆಯ ಕಡೆಗೇ. “ಚೂರು ನೋಡ್ಬೇಡ. ಎಲ್ಲಿಗೆ ಹೋಗ್ಬೇಕೋ ಆ ಕಡೆ ಮುಖ ತಿರುಗಿಸು.” ಮುಖ ತಿರುಗಿತು, ಹ್ಯಾಂಡಲ್ ಹಿಂಬಾಲಿಸಿತು.

ನೋಡುವವರಿಗೆ ವೇಗವೇ ಧೈರ್ಯ. ಆದರೆ ವೇಗ ಏರಿದಾಗ ಬೈಕ್ ಬಹುಪಾಲು ತಾನೇ ನೆಟ್ಟಗೆ ನಿಲ್ಲುತ್ತದೆ, ಓಲಾಡುವುದು ನಿಧಾನದಲ್ಲಿ. ಎಂಟರ ತಿರುವಿನಲ್ಲಿ ಹಾಫ್ ಕ್ಲಚ್ ಹಿಡಿದು, ಹಿಂದಿನ ಬ್ರೇಕನ್ನು ಬಲಗಾಲಲ್ಲಿ ತುಸುವೇ ಒತ್ತಿಕೊಂಡವರಿಗೆ ಆ ಓಲಾಟ ಕೈವಶ. ಇಲ್ಲಿ ಮುಂದಿನ ಬ್ರೇಕ್ ಹಿಡಿದರೆ ಕೆಟ್ಟಿತು: ಹ್ಯಾಂಡಲ್ ತಿರುಗಿದೆ, ಕೆಳಗೆ ಸಡಿಲ ಮಣ್ಣು, ಚಕ್ರ ಜಾರಿತೆಂದೇ ಲೆಕ್ಕ. ಡಾಂಬರಿನ ನೇರ ದಾರಿಯಲ್ಲಿ ಮಾತ್ರ ಅದೇ ಬ್ರೇಕು ಆಪದ್ಬಾಂಧವ. ನಿಲ್ಲಿಸುವಾಗ ಭಾರವೆಲ್ಲ ಮುಂಚಕ್ರಕ್ಕೆ ಬರುತ್ತದಲ್ಲ!

ಬಿಸಿಲು ಏರಿತು, ಸ್ಟಂಪು ಬಂದವು. ಇಬ್ಬರೂ ಹೆಲ್ಮೆಟ್ ಬಿಗಿದುಕೊಂಡು ರಸ್ತೆಗಿಳಿದರು, ಅಪ್ಪ ಹಿಂದೆ. ಕಲಿಯುವವರು ಲೈಸೆನ್ಸ್ ಇರುವ ಗುರುವನ್ನು ಬಿಟ್ಟು ಬೇರಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಬೆಳಿಗ್ಗೆ ಕೋಲಿನಂತೆ ಸೆಟೆದಿದ್ದ ಅವಳ ಮೊಣಕೈ ಈಗ ಮಡಚಿದೆ. ಕಣ್ಣು ಮುಂಚಕ್ರ ಬಿಟ್ಟು ಮೇಲೆದ್ದಿದೆ: ನಿಂತ ಕಾರಿನ ಬಾಗಿಲು ತೆರೆಯಬಹುದು, ಹಾಲಿನವನು ಅಡ್ಡ ತಿರುಗಬಹುದು.

ಏರಿನ ತುದಿಯಲ್ಲಿ ಸಿಗ್ನಲ್. ಹಸಿರು ಬಿದ್ದದ್ದೇ ಹಿಂದಿನ ಆಟೋ ಹಾರನ್ ಶುರು. ಬಲಗಾಲು ಬ್ರೇಕಿನ ಮೇಲೇ ಉಳಿಯಿತು. ಬೆರಳು ಹಾಫ್ ಕ್ಲಚ್ಚಿಗೆ ಬಂತು, ಎಂಜಿನ್ ಎಳೆಯತೊಡಗಿತು, ಆಗ ಬ್ರೇಕ್ ಬಿಟ್ಟಳು. ಗೇಣುದ್ದವೂ ಹಿಂದೆ ಜಾರಲಿಲ್ಲ. ಆಟೋ ಗೊಣಗುತ್ತಾ ಬಲದಿಂದ ಮುಂದೆ ನುಗ್ಗಿತು.

“ಸ್ವಲ್ಪ ಬೇಗ ಎತ್ಬಹುದಿತ್ತು” ಎಂದರು ಅಪ್ಪ.

“ಅವ್ರಿಗೇನೋ ಅರ್ಜೆಂಟು, ಹೋಗ್ಲಿ ಬಿಡಪ್ಪ. ನಮಗೇನಿಲ್ವಲ್ಲ!”