ಮುದ್ದೆ ಅಗಿಯುವ ಕಾಲ

ಮುದ್ದೆಯನ್ನು ಅಗಿದು ತಿನ್ನುವವರನ್ನು ನಾನು ಮೊದಲ ಸಲ ನೋಡಿದ್ದು ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ. ಮನೆಯೊಡತಿ ಹೈಸ್ಕೂಲ್ ಟೀಚರ್. ಅವರ ಮುಂದೆ ಮಕ್ಕಳು ಉಣ್ಣುವ ಸಣ್ಣ ಸ್ಟೀಲ್ ತಟ್ಟೆ. ಅದರಲ್ಲಿ ನಿಂಬೆಹಣ್ಣಿನ ಗಾತ್ರದ ಮುದ್ದೆ, ಬಟ್ಟಲಲ್ಲಿ ಅವರೆಕಾಳಿನ ಸಾರು, ಪಕ್ಕದಲ್ಲೊಂದು ಬೇಯಿಸಿದ ಮೊಟ್ಟೆ. ಮೊದಲು ಮೊಟ್ಟೆ, ಆಮೇಲೆ ಕಾಳು, ಕೊನೆಗೆ ಹೊಟ್ಟೆಯಲ್ಲಿ ಜಾಗ ಉಳಿದರೆ ಮುದ್ದೆ. ಇದು ಡಯಟಿಷಿಯನ್ ಹಾಕಿಕೊಟ್ಟ ಸರದಿ. ಮುದ್ದೆಯ ಪಾಳಿ ಬಂದಾಗ ಕಡಲೆಕಾಳಿನಷ್ಟು ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟುಕೊಂಡು ಅಗಿಯತೊಡಗಿದರು. ಅಗಿಯುತ್ತಲೇ ಇದ್ದರು. ಗೋಡೆಗೊರಗಿ ಕೂತಿದ್ದ ಅತ್ತೆ ಮುಖ ತಿರುಗಿಸಿಕೊಂಡು ನನಗೆ ಹೇಳಿದರು: ‘ಮುದ್ದೆ ಅಗೀತಾಳೆ ಕಣಪ್ಪ. ನಮ್ಮ ವಂಸದಲ್ಲೇ ಇರಲಿಲ್ಲ.’

ಟೀಚರ್‌ಗೆ ಬೆಂಗಳೂರಿನಲ್ಲಿ ತೂಕ ಇಳಿಸುವ ಸ್ಲೀವ್ ಆಪರೇಷನ್ ಆಗಿ ಎರಡು ವರ್ಷ ದಾಟಿದೆ. ಆಗ ತೂಕ 120 ಕೆ.ಜಿ. ಮುಟ್ಟಿತ್ತು, ಈಗ 75ರ ಆಸುಪಾಸು. ಶುಗರ್ ಮಾತ್ರೆ ನಿಂತಿದೆ. ಶಾಲೆಯ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುತ್ತಾರೆ. ಜಾಹೀರಾತಿನವರು ಹುಡುಕಿಕೊಂಡು ಬರುವಂಥ ಕೇಸು. ಆದರೆ ಊಟ ಮುಗಿಸಿ ಹಿತ್ತಲಿನಲ್ಲಿ ಮಾತಿಗೆ ಕೂತಾಗ ಅವರು ಹೇಳಿದ್ದು ಬೇರೆಯೇ ಕಥೆ.

‘ಆಪರೇಷನ್ ಆದ ಮೂರನೇ ವಾರ. ಮನೇಲಿ ಎಲ್ಲಾರೂ ಉಣ್ತಾವ್ರೆ, ನಾನು ಲೋಟದಲ್ಲಿ ಬೇಳೆ ಕಟ್ಟು ಹಿಡ್ಕೊಂಡು ಕೂತಿದೀನಿ. ಹಸಿವಿಲ್ಲ, ಆದ್ರೆ ಊಟ ಬೇಕು. ಅವೆರಡೂ ಬೇರೆ ಬೇರೆ ಅಂತ ನಲವತ್ತು ವರ್ಷ ಗೊತ್ತೇ ಇರಲಿಲ್ಲ. ಒಲೆ ಮೇಲೆ ಎಸರು ಕುದೀತಿತ್ತು, ರಾಗಿ ಹಿಟ್ಟು ಬಿದ್ದ ವಾಸನೆ ಬಂತು ನೋಡಿ, ಅಲ್ಲೇ ಅತ್ತುಬಿಟ್ಟೆ. ಚೆನ್ನಾಗಿದ್ದ ಹೊಟ್ಟೇನ ದುಡ್ಡು ಕೊಟ್ಟು ಕುಯ್ಸಿ ಬಿಸಾಕ್ಸಿಬಿಟ್ನಲ್ಲ ಅಂತ.’

ಹಸಿವಿಲ್ಲದಿರುವುದಕ್ಕೆ ಕಾರಣ ಸರಳ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ನೂರು-ನೂರೈವತ್ತು ಮಿ.ಲೀ. ಹಿಡಿಸುವ ಕೊಳವೆ. ತೆಗೆದ ಮೇಲ್ಭಾಗದಲ್ಲೇ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ಹುಟ್ಟುವುದು. ಜಪಾನಿನ ಕೊಜಿಮಾ ಮತ್ತು ಕಂಗಾವಾ ಅದನ್ನು ಪತ್ತೆ ಮಾಡಿದ್ದು 1999ರಲ್ಲಿ. ಹಾರ್ಮೋನು ಇಳಿದರೆ ಹಸಿವೂ ಇಳಿಯುತ್ತದೆ. ಆದರೆ ಸಂಜೆ ನಾಲ್ಕಕ್ಕೆ ಸ್ಟಾಫ್ ರೂಮಿನಲ್ಲಿ ಬೋಂಡದ ಪೊಟ್ಟಣ ಬಿಚ್ಚಿದಾಗ ಕೈ ತಾನಾಗಿ ಮುಂದೆ ಹೋಗುವುದು ಹಾರ್ಮೋನಿನಿಂದಷ್ಟೇ ಅಲ್ಲವಲ್ಲ. ಆ ಭಾಗವನ್ನು ಯಾವ ಸರ್ಜನ್ನೂ ಮುಟ್ಟುವುದಿಲ್ಲ.

ಇಲ್ಲಿ ಸ್ವಲ್ಪ ಮುದ್ದೆಯ ಬಗ್ಗೆಯೇ ಹೇಳಬೇಕು, ಓದುಗರು ಸಹಿಸಿಕೊಳ್ಳಬೇಕು. ಆಪರೇಷನ್ ಆದವರಿಗೆ ಜಗತ್ತಿನೆಲ್ಲೆಡೆ ಕೊಡುವ ಮೊದಲ ಸಲಹೆ: ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಿರಿ. ಮಂಡ್ಯ, ಹಾಸನ, ತುಮಕೂರಿನ ಕಡೆ ಮಗುವಿಗೆ ಕೊಡುವ ಮೊದಲ ಪಾಠವೇ ಇದಕ್ಕೆ ಉಲ್ಟಾ: ಅಗೀಬೇಡ, ನುಂಗು. ಮುರಿ, ಉರುಟು ಮಾಡು, ಸಾರಲ್ಲಿ ಅದ್ದು, ನುಂಗು. ಹಲ್ಲಿಗೆ ಕೆಲಸವಿಲ್ಲ. ಅಗಿದರೆ ಏನಾಗುತ್ತದೆಂದು ನಾನೂ ಮನೆಗೆ ಬಂದು ಪ್ರಯೋಗ ಮಾಡಿದೆ. ಮೊದಲು ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ, ಆಮೇಲೆ ಹಲ್ಲಿನ ಸಂದಿಗೆ. ಛಲ ಬಿಡದೆ ಮುಂದುವರಿಸಿದರೆ ನಿಧಾನವಾಗಿ ಸಿಹಿಯಾಗುತ್ತದೆ, ಎಂಜಲು ಪಿಷ್ಟವನ್ನು ಒಡೆಯುತ್ತದಲ್ಲ, ಅದರಿಂದ. ಜೀವಮಾನವಿಡೀ ಮುದ್ದೆ ಉಂಡೂ ರಾಗಿಗೆ ಇಂಥದ್ದೊಂದು ರುಚಿ ಇದೆಯೆಂದು ಗೊತ್ತಿರಲಿಲ್ಲ. ಖುಷಿಯಾಯಿತು ಎಂದು ಮಾತ್ರ ಹೇಳಲಾರೆ.

ಸಣ್ಣ ಜಠರದಲ್ಲಿ ಅಗಿಯದ ಮುದ್ದೆ ಕೂತುಬಿಡುತ್ತದೆ. ಎದೆಯ ನಡುವೆ ಗೂಟ ಹೊಡೆದ ಹಾಗೆ ನೋವು, ಬಾಯಲ್ಲಿ ನೊರೆನೊರೆ ಎಂಜಲು, ಕೊನೆಗೆ ವಾಂತಿ. ಟೀಚರ್‌ಗೆ ಇದಾದದ್ದು ಅಣ್ಣನ ಮಗಳ ಬೀಗರ ಊಟದಲ್ಲಿ, ನೂರಾರು ಜನರ ಮುಂದೆ. ನಾನು ಮಾತಾಡಿಸಿದ ಡಯಟಿಷಿಯನ್‌ಗಳಲ್ಲೂ ಮುದ್ದೆಯ ವಿಷಯದಲ್ಲಿ ಒಮ್ಮತವಿಲ್ಲ. ಒಬ್ಬರು ರಾಗಿ ಗಂಜಿ, ಅಂಬಲಿಗೇ ನಿಲ್ಲಿಸಿ ಎನ್ನುತ್ತಾರೆ. ಇನ್ನೊಬ್ಬರು ಮೂರು ತಿಂಗಳಾದ ಮೇಲೆ ಮೆತ್ತಗಿನ ಮುದ್ದೆಗೆ ಅಡ್ಡಿಯಿಲ್ಲ ಎನ್ನುತ್ತಾರೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ನೂರು ಗ್ರಾಂ ಹಿಟ್ಟಿಗೆ ಮುನ್ನೂರು ಮಿ.ಗ್ರಾಂ.ಗೂ ಹೆಚ್ಚು. ಆದರೆ ಪ್ರೋಟೀನ್ ಏಳು ಗ್ರಾಂ ಮಾತ್ರ. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಿಂದ ಸಿಗುವುದು ಆರು ಗ್ರಾಂ. ನೂರೈವತ್ತು ಮಿ.ಲೀ. ಹೊಟ್ಟೆಯಲ್ಲಿ ಈ ಲೆಕ್ಕ ಹೊಂದಿಸಲು ಹೊರಟರೆ ಮುದ್ದೆ ಸಾಲಿನ ಕೊನೆಗೇ ಹೋಗಬೇಕು. ಸಾವಿರಾರು ವರ್ಷ ಈ ನೆಲದ ಜನರನ್ನು ಸಾಕಿದ ಧಾನ್ಯಕ್ಕೆ ಈ ಗತಿ ಬಂದದ್ದು ನನಗೇನೋ ಸರಿ ಕಾಣಲಿಲ್ಲ. ವಿಜ್ಞಾನದ ಪ್ರಕಾರ ಸರಿಯೇ.

ಈ ಚಿಕಿತ್ಸೆಯ ಚರಿತ್ರೆಯಲ್ಲೂ ಒಂದು ವಕ್ರತೆಯಿದೆ. 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಸಣ್ಣಕರುಳನ್ನು ಬಳಸಿಕೊಂಡು ಹೋಗುವ ಬೈಪಾಸ್ ಬಂತು. ಅದರಿಂದ ತೂಕವೇನೋ ಇಳಿಯಿತು, ಯಕೃತ್ತು ಕೆಟ್ಟಿತು, ಕೊನೆಗೆ ಕೈಬಿಟ್ಟರು. 1960ರ ದಶಕದಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಅಲ್ಸರ್ ರೋಗಿಗಳನ್ನು ಗಮನಿಸಿದರು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡ ಹೆಂಗಸರು ಎಷ್ಟು ಪ್ರಯತ್ನಪಟ್ಟರೂ ಮತ್ತೆ ಮೈ ತುಂಬಿಕೊಳ್ಳುತ್ತಿರಲಿಲ್ಲ. ಅಲ್ಸರ್ ವಾರ್ಡಿನಲ್ಲಿ ತೊಂದರೆಯಾಗಿದ್ದದ್ದು ಜಠರದ ಬೈಪಾಸ್ ಆಗಿ ಬೊಜ್ಜಿಗೆ ಮದ್ದಾಯಿತು. ಸಿಹಿ ತಿಂದರೆ ಬೆವತು, ಎದೆ ಹೊಡೆದುಕೊಂಡು, ಭೇದಿಯಾಗುವ ‘ಡಂಪಿಂಗ್’ ಕೂಡ ಅಲ್ಸರ್ ಕಾಲದ ಬಳುವಳಿಯೇ. ನೂರು ವರ್ಷ ದಾಟಿ ಬದುಕಿದ ಮೇಸನ್ 2020ರಲ್ಲಿ ತೀರಿಕೊಂಡರು. ಇಂದು ಎಲ್ಲೆಡೆ ನಡೆಯುವ ಸ್ಲೀವ್ ಮೊದಲು ಅರ್ಧ ಆಪರೇಷನ್ ಆಗಿತ್ತು. ತೀರಾ ಭಾರದವರಿಗೆ ಎರಡು ಕಂತಿನಲ್ಲಿ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಯ ಮೊದಲ ಕಂತು. ಅದರಲ್ಲೇ ಸಾಕಷ್ಟು ಇಳಿದುಬಿಟ್ಟ ಕೆಲವರಿಗೆ ಎರಡನೆಯದರ ಅಗತ್ಯವೇ ಬೀಳಲಿಲ್ಲ.

ಟೀಚರ್ ನನಗೆ ಪರಿಚಯವಾದದ್ದು ಬೆಂಗಳೂರಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ. ಆಪರೇಷನ್ ಆದವರು, ಆಗಬೇಕೆಂದಿರುವವರು ತಿಂಗಳಿಗೊಮ್ಮೆ ಅಲ್ಲಿ ಸೇರುತ್ತಾರೆ. ಹಾಲ್‌ನಲ್ಲಿ ಕೈಯಿರುವ ಕುರ್ಚಿಯೇ ಇಲ್ಲ, ಎಲ್ಲ ಅಗಲವಾದ ಬೆಂಚು. ಆ ಬೆಂಚಿನಲ್ಲಿ ಸಂಕೋಚದಿಂದ ಅಂಚಿಗೆ ಕೂತವರು ಹಳಬರು, ಸಣ್ಣಗಾಗಿದ್ದರೂ ಅಭ್ಯಾಸ ಹೋಗಿಲ್ಲ. ಒಬ್ಬ ಹುಡುಗಿ ಕೈಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು ತೋರಿಸಿದಳು, ಅವತ್ತು ಬೆಳಗ್ಗೆ ಬಾಚಣಿಗೆಗೆ ಬಂದ ಕೂದಲು. ಮೂರರಿಂದ ಆರು ತಿಂಗಳಲ್ಲಿ ಹೀಗೆ ಉದುರುತ್ತದೆ, ಬಹುಪಾಲು ಮತ್ತೆ ಬರುತ್ತದೆ ಎಂದು ಎಲ್ಲರೂ ಹೇಳಿದರು. ಅವಳಿಗೆ ಮದುವೆಗೆ ಹುಡುಗನನ್ನು ನೋಡುತ್ತಿದ್ದಾರೆ. ಆಪರೇಷನ್ ಮಾಡಿಸಿದ್ದೂ ಅದಕ್ಕೇ. ಲಾರಿ ವ್ಯವಹಾರದ ಒಬ್ಬರು ಎದ್ದು ನಿಂತು, ‘ಹೊಟ್ಟೆ ವಾಪಸ್ ಹಾಕಕ್ಕಾಗುತ್ತಾ ಸಾರ್?’ ಎಂದು ನೇರ ಕೇಳಿದರು. ಯಾರೂ ನಗಲಿಲ್ಲ. ಬೈಪಾಸ್ ಆದರೆ ತಾಂತ್ರಿಕವಾಗಿ ತಿರುಗಿಸಬಹುದು, ಸುಲಭವಲ್ಲ. ಸ್ಲೀವ್‌ನಲ್ಲಿ ಕತ್ತರಿಸಿದ್ದು ಹೋಯಿತು ಎಂದರು ಸರ್ಜನ್. ಲಾರಿಯವರ ತೊಂದರೆ ತೂಕದ್ದಲ್ಲ. ಹಿಂದೆ ವಾರಕ್ಕೊಮ್ಮೆ ಬಿರಿಯಾನಿಯ ಜೊತೆ ಎರಡು ಪೆಗ್ ಹಾಕುತ್ತಿದ್ದವರಿಗೆ ಈಗ ಬಿರಿಯಾನಿ ಇಳಿಯುವುದಿಲ್ಲ, ಪೆಗ್ ಮಾತ್ರ ಇಳಿಯುತ್ತದೆ. ಅದೂ ಬೇಗ ತಲೆಗೇರುತ್ತದೆ. ಅಮೆರಿಕದಲ್ಲಿ ಬೈಪಾಸ್ ಆದವರ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕುಡಿತದ ಸಮಸ್ಯೆ ಹೆಚ್ಚಿದ್ದು ಎರಡನೇ ವರ್ಷದಲ್ಲಿ, ಅಂದರೆ ಎಲ್ಲರೂ ಅಭಿನಂದಿಸಿ ಮರೆತ ಮೇಲೆ. ಕೆನಡಾದ ಒಂಟಾರಿಯೊದಲ್ಲಿ ಆಪರೇಷನ್ ನಂತರ ತಮಗೆ ತಾವೇ ಹಾನಿ ಮಾಡಿಕೊಂಡು ಆಸ್ಪತ್ರೆಗೆ ಬರುವ ಪ್ರಕರಣಗಳು ಹೆಚ್ಚಿದ್ದನ್ನು 2016ರಲ್ಲಿ ದಾಖಲಿಸಿದ್ದಾರೆ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಆಪರೇಷನ್‌ಗೆ ಮುಂಚಿನ ಮಾನಸಿಕ ತಪಾಸಣೆಯನ್ನು ಅರ್ಧ ಗಂಟೆಯ ಶಾಸ್ತ್ರವೆಂದು ಮುಗಿಸುವುದು ಕಂಡರೆ ನನಗೆ ಸಿಟ್ಟು ಬರುತ್ತದೆ, ಅದಕ್ಕೆ ಬರೆದೆ.

ರಿಂಗ್ ರೋಡಿನ ಹೋರ್ಡಿಂಗ್‌ಗಳಲ್ಲಿ ಯಾವಾಗಲೂ ಎರಡೇ ಫೋಟೊ: ಮೊದಲು, ನಂತರ. ಐದನೇ ವರ್ಷದ ಮೂರನೇ ಫೋಟೊವನ್ನು ನಾನೆಲ್ಲೂ ನೋಡಿಲ್ಲ. ಅದು ಬೇಕೆಂದರೆ ಸ್ವೀಡನ್ನಿಗೆ ಹೋಗಬೇಕು. ಅಲ್ಲಿ 1987ರಿಂದ ಆಪರೇಷನ್ ಆದವರ ಬೆನ್ನು ಹತ್ತಿದ್ದಾರೆ. ಬೈಪಾಸ್ ಆದವರು ಹತ್ತು ವರ್ಷದ ನಂತರ ಮೂಲ ತೂಕಕ್ಕಿಂತ ಸರಾಸರಿ ಶೇ 25ರಷ್ಟು ಕಡಿಮೆಯಲ್ಲಿದ್ದರು. ಮೊದಲ ಒಂದೆರಡು ವರ್ಷದ ಇಳಿತ ಇನ್ನೂ ಹೆಚ್ಚಿತ್ತು, ಒಂದಷ್ಟು ವಾಪಸ್ ಬಂತು. ಡಯಾಬಿಟಿಸ್ ಎರಡು ವರ್ಷಕ್ಕೆ ಶೇ 72 ಜನರಲ್ಲಿ ಮಾಯವಾಗಿತ್ತು, ಹತ್ತನೇ ವರ್ಷಕ್ಕೆ ಶೇ 36 ಜನರಲ್ಲಿ. ಆದರೂ ಸಾವಿನ ಪ್ರಮಾಣ ಆಪರೇಷನ್ ಆಗದ ಗುಂಪಿಗಿಂತ ಕಡಿಮೆ. ಸ್ವೀಡನ್ನಿನಿಂದಲೇ 2018ರಲ್ಲಿ ಬಂದ ಇನ್ನೊಂದು ವರದಿಯಲ್ಲಿ ಒಂಟಿಯಾಗಿದ್ದವರಿಗೆ ಸಂಗಾತಿ ಸಿಕ್ಕಿದ್ದೂ ಹೆಚ್ಚು, ಮದುವೆಯಾಗಿದ್ದವರು ಬೇರೆಯಾದದ್ದೂ ಹೆಚ್ಚು. ನೆಲಮಾಳಿಗೆಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ ಸಣ್ಣ ಗುಜುಗುಜು ಎದ್ದಿತು.

ಪಶ್ಚಾತ್ತಾಪ ಬಹುಪಾಲು ಜನರಿಗೆ ಮೊದಲ ಕೆಲವು ತಿಂಗಳಲ್ಲೇ ಬಂದು ಹೋಗುತ್ತದೆ. ನೋವು, ದ್ರವಾಹಾರದ ವಾರಗಳು, ತೂಕದ ಮುಳ್ಳು ಮೂರನೇ ವಾರದಲ್ಲಿ ಇದ್ದಕ್ಕಿದ್ದಂತೆ ನಿಂತುಬಿಡುವುದು, ಇಷ್ಟು ಕಾಲ ದುಃಖಕ್ಕೆ ಆಸರೆಯಾಗಿದ್ದ ತಿಂಡಿ ಕೈಬಿಟ್ಟದ್ದು, ಎಲ್ಲ ಒಟ್ಟಿಗೆ ಬರುವ ದಿನಗಳವು. ವರ್ಷಗಳಾದ ಮೇಲೆ ಕೇಳಿದರೆ ಮತ್ತೆ ಮಾಡಿಸಿಕೊಳ್ಳುತ್ತೇವೆ ಎನ್ನುವವರೇ ಹೆಚ್ಚು. ಟೀಚರ್ ಕೂಡ. ಆದರೆ ‘ಹೋಗುತ್ತದೆ’ ಎಂದು ಆ ದಿನಗಳಲ್ಲಿ ಹೇಳುವವರು ಬೇಕು. ಅವರ ಮನೆಯಲ್ಲಿ ಯಾರಿದ್ದರು? ಅತ್ತೆ ಮೊದಲು ‘ಊದ್ಕಂಡಿದೀಯ’ ಎನ್ನುತ್ತಿದ್ದರು, ಈಗ ‘ಕಣ್ಣು ಗುಳಿ ಬಿದ್ದವೆ, ಏನು ರೋಗವೋ’ ಎನ್ನುತ್ತಾರೆ. ಆಪರೇಷನ್‌ಗೆ ಮುಂಚೆ ನೆಂಟರು ಹೆದರಿಸಿದ್ದು 2022ರಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋಗಿ ತೀರಿಕೊಂಡ ಕಿರುತೆರೆ ನಟಿಯ ಸುದ್ದಿ ಹೇಳಿ. ಅದು ಬೇರೆಯೇ ಚಿಕಿತ್ಸೆ, ಕಾಸ್ಮೆಟಿಕ್ ಬಾಬತ್ತು. ಹೇಳಿದರೆ ಯಾರು ಕೇಳುತ್ತಾರೆ? ಕೊನೆಗೆ ಊರಿನಲ್ಲಿ ‘ಗ್ಯಾಸ್ಟ್ರಿಕ್ ಜಾಸ್ತಿಯಾಗಿ ಆಪರೇಷನ್ ಆಯ್ತು’ ಎಂದು ಹಬ್ಬಿಸಿದ್ದಾರೆ. ಪೂರ್ತಿ ಸುಳ್ಳೂ ಅಲ್ಲ.

ಮದುವೆ ಮನೆಯಲ್ಲಿ ಆ ಕಥೆ ನಡೆಯುವುದಿಲ್ಲ. ನಮ್ಮಲ್ಲಿ ಬಡಿಸುವವರು ಎಲೆಯ ಮುಂದೆ ಬಗ್ಗಿ ನಿಂತರೆ ಬೇಡ ಎಂದದ್ದಕ್ಕೆ ಬೆಲೆಯಿಲ್ಲ, ಅಡ್ಡ ಹಿಡಿದ ಕೈಯನ್ನು ಸರಿಸಿ ಹಾಕಿಯೇ ಹಾಕುತ್ತಾರೆ. ಟೀಚರ್ ಕಂಡುಕೊಂಡಿರುವ ದಾರಿ: ಕೊನೆಯ ಪಂಕ್ತಿಗೆ ಹೋಗುವುದು, ಎಲೆಯ ತುದಿಯನ್ನು ಒಳಕ್ಕೆ ಮಡಚಿಕೊಂಡು ಕೂರುವುದು, ಲಾಡು ಬಂದಾಗ ‘ಶುಗರ್’ ಎನ್ನುವುದು. ಬಿಟ್ಟುಹೋದ ಕಾಯಿಲೆಯನ್ನು ಮದುವೆಗಳಿಗೆ ಮಾತ್ರ ವಾಪಸ್ ಕರೆಸಿಕೊಳ್ಳುತ್ತಾರೆ. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಬಿಡಬೇಕು. ಅದನ್ನು ವಿವರಿಸುವುದು ಕಷ್ಟವೆಂದು ಲೋಟವನ್ನು ಪಕ್ಕದವರ ಕಡೆ ಜರುಗಿಸುತ್ತಾರೆ. ನಾವು ಮಾತಾಡುವಾಗ ಅವರ ಫೋನ್ ಎರಡು ಸಲ ಬಡಿದುಕೊಂಡಿತು. ಮೊದಲನೆಯದು ಕಬ್ಬಿಣದ ಮಾತ್ರೆಗೆ, ಎರಡು ಗಂಟೆ ಬಿಟ್ಟು ಇನ್ನೊಂದು ಕ್ಯಾಲ್ಸಿಯಂಗೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಬಿ12, ಡಿ ಬೇರೆ. ಇವೆಲ್ಲ ಜೀವಮಾನಪೂರ್ತಿ. ಖರ್ಚಿನ ಮಾತಿಗೆ ಬಂದರೆ, ಬಿಎಂಐ 40 ದಾಟಿದವರಿಗೆ, ಇಲ್ಲವೇ 35ರ ಜೊತೆಗೆ ಗಂಭೀರ ಕಾಯಿಲೆ ಇದ್ದವರಿಗೆ ಆಪರೇಷನ್ ಖರ್ಚನ್ನು ವಿಮೆ ಭರಿಸಬಹುದು. ಆದರೆ ಇಳಿದ ಮೈಯಿಂದ ಜೋತುಬೀಳುವ ಚರ್ಮವನ್ನು ತೆಗೆಸುವುದು ಸಾಮಾನ್ಯವಾಗಿ ಸೌಂದರ್ಯದ ಖಾತೆಗೆ ಹೋಗುತ್ತದೆ. ಟೀಚರ್ ವರ್ಷವಿಡೀ ಉದ್ದ ತೋಳಿನ ರವಿಕೆ ಹಾಕುತ್ತಾರೆ.

ಈಗ ಹೊಸ ಬಗೆಯ ಪಶ್ಚಾತ್ತಾಪವೊಂದು ಶುರುವಾಗಿದೆ. 2025ರಲ್ಲಿ ತೂಕ ಇಳಿಸುವ ಮೌಂಜಾರೊ, ವೆಗೋವಿ ಸೂಜಿಗಳು ಭಾರತದ ಅಂಗಡಿಗೆ ಬಂದವು. ಅದಕ್ಕೆ ತುಸು ಮುಂಚೆ ಆಪರೇಷನ್ ಮಾಡಿಸಿಕೊಂಡ ಸಾಫ್ಟ್‌ವೇರ್ ಹುಡುಗನೊಬ್ಬ ನೆಲಮಾಳಿಗೆಯ ಸಭೆಯಲ್ಲಿ ತಲೆ ತಗ್ಗಿಸಿಯೇ ಕೂತಿದ್ದ. ‘ಒಂದು ವರ್ಷ ತಡ್ಕೊಂಡಿದ್ರೆ ಸೂಜಿಯಲ್ಲೇ ಮುಗೀತಿತ್ತು ಸಾರ್.’ ಸರ್ಜನ್ ಲೆಕ್ಕ ಕೊಟ್ಟರು: ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ನಿಲ್ಲಿಸಿದವರಿಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದು ವರ್ಷದಲ್ಲಿ ವಾಪಸ್ ಬಂದಿದೆ. ಆಪರೇಷನ್ ಆಗಿಯೂ ತೂಕ ಮರಳಿದವರಿಗೆ ತಾವೇ ಅದೇ ಸೂಜಿ ಬರೆದುಕೊಡುತ್ತಿರುವುದನ್ನೂ ಮುಚ್ಚಿಡಲಿಲ್ಲ. ಹುಡುಗನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆಗ ಟೀಚರ್ ಅವನ ಕಡೆ ತಿರುಗಿ, ‘ಸೂಜಿ ಚುಚ್ಚುಸ್ಕೊಂಡಿದ್ರೂ ಉಣ್ಣಕ್ಕಾಗ್ತಿರಲಿಲ್ಲ ಕಣಪ್ಪ. ಅದೂ ಹಸಿವನ್ನೇ ಕೊಲ್ಲೋದು. ಅಳೋದು ಹೆಂಗಿದ್ರೂ ಇತ್ತು’ ಎಂದರು. ಅವನು ವಾದಕ್ಕಿಳಿದ: ಸೂಜಿಯಾದರೆ ಬೇಡ ಅನ್ನಿಸಿದ ದಿನ ನಿಲ್ಲಿಸಬಹುದಿತ್ತಲ್ಲ? ಅದಕ್ಕೆ ಸರ್ಜನ್ ಬಳಿ ಉತ್ತರವಿರಲಿಲ್ಲ, ಟೀಚರ್ ಬಳಿಯೂ ಇರಲಿಲ್ಲ. ಬಿ12 ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು ಎಂದು ಟೀಚರ್ ಕೇಳಿದರು. ಹುಡುಗ ಮಾಡಿಸಿರಲೇ ಇಲ್ಲ.